ಯೆಮೆನ್‌ನ ಅಂತರ್ಯುದ್ಧಗಳು ಮತ್ತು ರಾಜಕೀಯ ಕ್ಷೋಭೆ

ಯೆಮೆನ್‌ನ ಅಂತರ್ಯುದ್ಧಗಳು ಎಂಬುದು ಅರೇಬಿಯಾ ಪರ್ಯಾಯ ದ್ವೀಪದ ನೈಋತ್ಯ ತುದಿಯಲ್ಲಿರುವ ಯೆಮೆನ್ ದೇಶದಲ್ಲಿ 1962ರಿಂದ ಇಂದಿನವರೆಗೆ ನಡೆದಿರುವ ಸಶಸ್ತ್ರ ಸಂಘರ್ಷಗಳ ಸರಣಿಯನ್ನು ಸೂಚಿಸುತ್ತದೆ. ಉತ್ತರದಲ್ಲಿ ರಾಜಪ್ರಭುತ್ವ ಮತ್ತು ಗಣರಾಜ್ಯವಾದಿಗಳ ನಡುವಿನ ಯುದ್ಧ (1962–1970), ದಕ್ಷಿಣದಲ್ಲಿ ಆಳುವ ಪಕ್ಷದೊಳಗಿನ ರಕ್ತಪಾತ (1986), ಏಕೀಕರಣದ ನಂತರದ ಉತ್ತರ–ದಕ್ಷಿಣ ಯುದ್ಧ (1994), ಸಾದಾ ಪ್ರಾಂತ್ಯದ ಆರು ಸುತ್ತುಗಳ ಕದನ (2004–2010) ಹಾಗೂ 2014ರಲ್ಲಿ ಆರಂಭವಾದ ಈಗಿನ ಯುದ್ಧ ಇವುಗಳಲ್ಲಿ ಮುಖ್ಯವಾದವು. ಈಗಿನ ಯುದ್ಧವನ್ನು ಸಾಮಾನ್ಯವಾಗಿ ಸೌದಿ ಅರೇಬಿಯಾ ಮತ್ತು ಇರಾನ್ ನಡುವಿನ ಪೈಪೋಟಿ ಎಂದೋ, ಸುನ್ನಿ–ಶಿಯಾ ಕಲಹವೆಂದೋ ಬಣ್ಣಿಸಲಾಗುತ್ತದೆ. ಆದರೆ ಅದರ ಬೇರುಗಳು ದೇಶದ ಒಳಗೇ ಇವೆ. ಪ್ರತಿಯೊಂದು ಯುದ್ಧವೂ ರಾಜಧಾನಿಯ ಪ್ರಬಲ ಬಣಗಳ ನಡುವಿನ ಅಧಿಕಾರ ಹಂಚಿಕೆಯಲ್ಲಿ ಮುಗಿದಿದೆ. ಆ ಹಂಚಿಕೆಯಿಂದ ಹೊರಗುಳಿದವರೇ ಮುಂದಿನ ಯುದ್ಧದಲ್ಲಿ ಆಯುಧ ಹಿಡಿದಿದ್ದಾರೆ.

ಭೌಗೋಳಿಕ ಮತ್ತು ಸಾಮಾಜಿಕ ಹಿನ್ನೆಲೆ

ಯೆಮೆನ್‌ನ ಉತ್ತರಕ್ಕೆ ಸೌದಿ ಅರೇಬಿಯಾ, ಪೂರ್ವಕ್ಕೆ ಒಮಾನ್, ಪಶ್ಚಿಮಕ್ಕೆ ಕೆಂಪು ಸಮುದ್ರ, ದಕ್ಷಿಣಕ್ಕೆ ಏಡನ್ ಕೊಲ್ಲಿ ಇವೆ. ಕೆಂಪು ಸಮುದ್ರವನ್ನು ಏಡನ್ ಕೊಲ್ಲಿಗೆ ಜೋಡಿಸುವ ಬಾಬ್ ಎಲ್-ಮಂದೆಬ್ ಜಲಸಂಧಿಯು ಸೂಯೆಜ್ ಕಾಲುವೆಯ ಮೂಲಕ ಸಾಗುವ ಹಡಗುಗಳ ಹೆಬ್ಬಾಗಿಲು. ದೇಶದ ಪಶ್ಚಿಮ ಭಾಗದಲ್ಲಿ ಎತ್ತರದ ಪರ್ವತಶ್ರೇಣಿಗಳಿವೆ. ಬೆಟ್ಟದ ಇಳಿಜಾರುಗಳ ಮೆಟ್ಟಿಲು ಗದ್ದೆಗಳಲ್ಲಿ ಶತಮಾನಗಳಿಂದ ಬೇಸಾಯ ನಡೆದಿದೆ. ಪೂರ್ವದಲ್ಲಿ ಮರುಭೂಮಿ ಮತ್ತು ವಿಶಾಲವಾದ ಹದ್ರಮೌತ್ ಕಣಿವೆ ಹರಡಿಕೊಂಡಿವೆ.

ಉತ್ತರದ ಎತ್ತರದ ಪ್ರದೇಶದ ಜನರಲ್ಲಿ ಹೆಚ್ಚಿನವರು ಶಿಯಾ ಇಸ್ಲಾಮಿನ ಝೈದಿ ಪಂಥಕ್ಕೆ ಸೇರಿದವರು. ಕರಾವಳಿ, ತೈಜ್, ಏಡನ್ ಮತ್ತು ಹದ್ರಮೌತ್‌ಗಳಲ್ಲಿ ಸುನ್ನಿ ಇಸ್ಲಾಮಿನ ಶಾಫಿ ಪಂಥ ಪ್ರಬಲವಾಗಿದೆ. ಆಚರಣೆಯಲ್ಲಿ ಈ ಎರಡೂ ಪಂಥಗಳು ಪರಸ್ಪರ ಹತ್ತಿರದವು. ದೀರ್ಘಕಾಲ ಒಂದೇ ಮಸೀದಿಯಲ್ಲಿ ಪ್ರಾರ್ಥನೆ ನಡೆಸಿದ ಇತಿಹಾಸ ಅವುಗಳಿಗಿದೆ. ಆದ್ದರಿಂದ ಯೆಮೆನ್‌ನ ಸಂಘರ್ಷಗಳನ್ನು ಕೇವಲ ಪಂಥಭೇದದಿಂದ ವಿವರಿಸುವುದು ಕಷ್ಟ. ಬುಡಕಟ್ಟು, ಪ್ರದೇಶ, ಭೂಮಿ ಮತ್ತು ಸರ್ಕಾರಿ ಸಂಪನ್ಮೂಲಗಳ ಹಂಚಿಕೆ ಇವುಗಳಲ್ಲಿ ಹೆಚ್ಚಿನ ಪಾತ್ರ ವಹಿಸಿವೆ.

ಎರಡು ಯೆಮೆನ್‌ಗಳ ಉಗಮ

ಕ್ರಿ.ಶ. 897ರಲ್ಲಿ ಸ್ಥಾಪನೆಯಾದ ಝೈದಿ ಇಮಾಮರ ಆಳ್ವಿಕೆಯು ಏಳುಬೀಳುಗಳೊಂದಿಗೆ ಉತ್ತರದಲ್ಲಿ 1962ರವರೆಗೂ ಮುಂದುವರಿಯಿತು. 1872ರಿಂದ ಈ ಭಾಗವನ್ನು ಹಿಡಿದಿಟ್ಟುಕೊಂಡಿದ್ದ ಆಟೊಮನ್ ತುರ್ಕರು ಮೊದಲ ಮಹಾಯುದ್ಧದ ಸೋಲಿನ ನಂತರ ಹಿಂದೆ ಸರಿದಾಗ, 1918ರಲ್ಲಿ ಇಮಾಮ್ ಯಹ್ಯಾ ಸ್ವತಂತ್ರ ರಾಜ್ಯವನ್ನು ಕಟ್ಟಿದನು. 1934ರಲ್ಲಿ ಸೌದಿ ಅರೇಬಿಯಾದೊಂದಿಗೆ ನಡೆದ ಯುದ್ಧದಲ್ಲಿ ಸೋತ ಯಹ್ಯಾ, ತಾಯಿಫ್ ಒಪ್ಪಂದದ ಪ್ರಕಾರ ಅಸೀರ್, ಜಿಜಾನ್ ಮತ್ತು ನಜ್ರಾನ್ ಪ್ರದೇಶಗಳ ಮೇಲಿನ ಸೌದಿ ಹಿಡಿತವನ್ನು ಒಪ್ಪಿಕೊಳ್ಳಬೇಕಾಯಿತು. 1948ರಲ್ಲಿ ಅವನ ಕೊಲೆಯಾಯಿತು. ದಂಗೆಯನ್ನು ಅಡಗಿಸಿದ ಮಗ ಅಹ್ಮದ್ ಅಧಿಕಾರಕ್ಕೆ ಬಂದು, ದೇಶವನ್ನು ಹೊರಜಗತ್ತಿನಿಂದ ಬಹುಮಟ್ಟಿಗೆ ಮುಚ್ಚಿಯೇ ಇಟ್ಟನು.

ದಕ್ಷಿಣದ ಇತಿಹಾಸ ಬೇರೆಯೇ ದಾರಿಯಲ್ಲಿ ಸಾಗಿತು. 1839ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಏಡನ್ ಬಂದರನ್ನು ವಶಪಡಿಸಿಕೊಂಡವು. ಆಗಿನಿಂದ ಏಡನ್ ಬ್ರಿಟಿಷ್ ಭಾರತದ ಆಡಳಿತಕ್ಕೆ, ಅದರಲ್ಲೂ ಬಹುಕಾಲ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. 1937ರಲ್ಲಿ ಅದನ್ನು ಪ್ರತ್ಯೇಕ ವಸಾಹತನ್ನಾಗಿ ಮಾಡಲಾಯಿತು. ಒಳನಾಡಿನ ಸುಲ್ತಾನರು ಮತ್ತು ಶೇಖರೊಂದಿಗೆ ಬ್ರಿಟಿಷರು ರಕ್ಷಣಾ ಒಪ್ಪಂದಗಳನ್ನು ಮಾಡಿಕೊಂಡರು. ಹೀಗೆ ದಕ್ಷಿಣದಲ್ಲಿ ಬಂದರು, ಕಾರ್ಮಿಕ ಸಂಘ ಮತ್ತು ಪತ್ರಿಕೆಗಳಿದ್ದ ಒಂದು ಆಧುನಿಕ ನಗರ ಹಾಗೂ ಅದರ ಸುತ್ತ ಹಳೆಯ ಸುಲ್ತಾನಿಕೆಗಳು ಒಟ್ಟೊಟ್ಟಿಗೆ ಉಳಿದವು.

ಉತ್ತರ ಯೆಮೆನ್ ಅಂತರ್ಯುದ್ಧ (1962–1970)

1962ರ ಸೆಪ್ಟೆಂಬರ್‌ನಲ್ಲಿ ಇಮಾಮ್ ಅಹ್ಮದ್ ತೀರಿಕೊಂಡನು. ಒಂದೇ ವಾರದಲ್ಲಿ, ಸೆಪ್ಟೆಂಬರ್ 26ರಂದು, ಅಬ್ದುಲ್ಲಾ ಅಲ್-ಸಲ್ಲಾಲ್ ನೇತೃತ್ವದ ಸೇನಾಧಿಕಾರಿಗಳು ಅವನ ಮಗ ಮುಹಮ್ಮದ್ ಅಲ್-ಬದ್ರ್‌ನನ್ನು ಪದಚ್ಯುತಗೊಳಿಸಿ ಯೆಮೆನ್ ಅರಬ್ ಗಣರಾಜ್ಯವನ್ನು ಘೋಷಿಸಿದರು. ಅಲ್-ಬದ್ರ್ ಬೆಟ್ಟದ ಪ್ರದೇಶಗಳಿಗೆ ತಪ್ಪಿಸಿಕೊಂಡು ಬುಡಕಟ್ಟುಗಳನ್ನು ಸಂಘಟಿಸಿದನು.

ಈಜಿಪ್ಟಿನ ಅಧ್ಯಕ್ಷ ಗಮಾಲ್ ಅಬ್ದೆಲ್ ನಾಸೆರ್ ಗಣರಾಜ್ಯದ ಬೆಂಬಲಕ್ಕೆ ಸೇನೆಯನ್ನು ಕಳುಹಿಸಿದರು. ಯುದ್ಧ ತಾರಕಕ್ಕೇರಿದಾಗ ಅಲ್ಲಿ ಸುಮಾರು 70,000 ಈಜಿಪ್ಟ್ ಸೈನಿಕರಿದ್ದರು. ಇಮಾಮರ ಪರವಾಗಿ ಸೌದಿ ಅರೇಬಿಯಾ ಹಣ ಮತ್ತು ಆಯುಧ ನೀಡಿತು. ಬ್ರಿಟನ್ ಗುಟ್ಟಾಗಿ ನೆರವಾಯಿತು. ಆ ಕಾಲದಲ್ಲಿ ಸುನ್ನಿ ಸೌದಿ ದೊರೆಗಳು ಝೈದಿ ಶಿಯಾ ಇಮಾಮರನ್ನು ಬೆಂಬಲಿಸಿದರೆಂಬುದು ಗಮನಾರ್ಹ. 1967ರ ಜೂನ್‌ನಲ್ಲಿ ಇಸ್ರೇಲ್ ಎದುರು ಸೋತ ಈಜಿಪ್ಟ್ ಅದೇ ವರ್ಷದ ಕೊನೆಯೊಳಗೆ ತನ್ನ ಪಡೆಗಳನ್ನು ಹಿಂತೆಗೆದುಕೊಂಡಿತು. ನಂತರ ರಾಜಪ್ರಭುತ್ವವಾದಿಗಳು ಸನಾ ನಗರಕ್ಕೆ ಎಪ್ಪತ್ತು ದಿನಗಳ ಕಾಲ ಮುತ್ತಿಗೆ ಹಾಕಿದರೂ ಅದನ್ನು ಗೆಲ್ಲಲಾಗಲಿಲ್ಲ.

1970ರ ರಾಜಿಯಲ್ಲಿ ಇಮಾಮರ ಕುಟುಂಬವನ್ನು ಹೊರತುಪಡಿಸಿ ಉಳಿದ ರಾಜಪ್ರಭುತ್ವವಾದಿಗಳಿಗೆ ಸರ್ಕಾರದಲ್ಲಿ ಸ್ಥಾನ ದೊರೆಯಿತು. ಸೌದಿ ಅರೇಬಿಯಾ ಗಣರಾಜ್ಯಕ್ಕೆ ಮಾನ್ಯತೆ ನೀಡಿತು. ಆದರೆ ಇಮಾಮತ್ತಿನ ತವರಾಗಿದ್ದ ಉತ್ತರ ತುದಿಯ ಸಾದಾ ಪ್ರಾಂತ್ಯ ರಸ್ತೆ, ಶಾಲೆ, ಆಸ್ಪತ್ರೆಗಳ ವಿಷಯದಲ್ಲಿ ಹಿಂದುಳಿಯಿತು. ಪ್ರವಾದಿಯ ವಂಶಸ್ಥರೆಂದು ಗೌರವ ಪಡೆಯುತ್ತಿದ್ದ ಝೈದಿ ಸಯ್ಯದ್ ಮನೆತನಗಳು ಹಳೆಯ ಸ್ಥಾನಮಾನವನ್ನು ಕಳೆದುಕೊಂಡವು. ಈ ಅಸಮಾಧಾನ ಮೂರು ದಶಕಗಳ ನಂತರ ಮೇಲೆ ಬಂದಿತು.

ದಕ್ಷಿಣ ಯೆಮೆನ್ ಮತ್ತು 1986ರ ರಕ್ತಪಾತ

1963ರ ಅಕ್ಟೋಬರ್ 14ರಂದು ರದ್ಫಾನ್ ಬೆಟ್ಟಗಳಲ್ಲಿ ಆರಂಭವಾದ ದಂಗೆಯು ಬ್ರಿಟಿಷರ ವಿರುದ್ಧದ ಸಶಸ್ತ್ರ ಹೋರಾಟವಾಗಿ ಬೆಳೆಯಿತು. 1967ರ ನವೆಂಬರ್ 30ರಂದು ಬ್ರಿಟಿಷರು ಏಡನ್ ತೊರೆದರು. ಅಧಿಕಾರ ಹಿಡಿದ ರಾಷ್ಟ್ರೀಯ ವಿಮೋಚನಾ ರಂಗವು ಸುಲ್ತಾನರನ್ನು ಉಚ್ಚಾಟಿಸಿ, ಭೂಮಿಯನ್ನು ಹಂಚಿ, ಸೋವಿಯತ್ ಒಕ್ಕೂಟದ ಸ್ನೇಹದಲ್ಲಿ ಅರಬ್ ಜಗತ್ತಿನ ಏಕೈಕ ಮಾರ್ಕ್ಸ್‌ವಾದಿ ರಾಜ್ಯವನ್ನು ಕಟ್ಟಿತು. 1970ರಿಂದ ಇದರ ಹೆಸರು ಯೆಮೆನ್ ಪ್ರಜಾಸತ್ತಾತ್ಮಕ ಜನತಾ ಗಣರಾಜ್ಯ.

ಎರಡು ಯೆಮೆನ್‌ಗಳು 1972 ಮತ್ತು 1979ರಲ್ಲಿ ಗಡಿಯುದ್ಧ ನಡೆಸಿದವು. ಎರಡು ಬಾರಿಯೂ ಕದನ ನಿಂತದ್ದು ‘ಒಂದಾಗುತ್ತೇವೆ’ ಎಂಬ ಒಪ್ಪಂದದೊಂದಿಗೆ. ಈ ನಡುವೆ 1977ರ ಅಕ್ಟೋಬರ್‌ನಲ್ಲಿ ಉತ್ತರದ ಅಧ್ಯಕ್ಷ ಇಬ್ರಾಹಿಂ ಅಲ್-ಹಮ್ದಿ ಕೊಲೆಯಾದರು. ಅವರ ನಂತರ ಬಂದ ಅಹ್ಮದ್ ಅಲ್-ಗಶ್ಮಿ 1978ರ ಜೂನ್‌ನಲ್ಲಿ ದಕ್ಷಿಣದ ದೂತನೊಬ್ಬ ತಂದಿದ್ದ ಪೆಟ್ಟಿಗೆಯ ಬಾಂಬಿಗೆ ಬಲಿಯಾದರು. ಎರಡು ದಿನಗಳ ನಂತರ ದಕ್ಷಿಣದ ಅಧ್ಯಕ್ಷ ಸಾಲಿಂ ರುಬಯ್ಯಾ ಅಲಿಯನ್ನು ಪಕ್ಷದ ಎದುರಾಳಿಗಳು ಕೊಂದರು. ಜುಲೈನಲ್ಲಿ ಉತ್ತರದ ಅಧ್ಯಕ್ಷಗಿರಿಗೆ ಬಂದ ಯುವ ಸೇನಾಧಿಕಾರಿ ಅಲಿ ಅಬ್ದುಲ್ಲಾ ಸಾಲೇಹ್ ಮುಂದೆ 33 ವರ್ಷ ಅಧಿಕಾರದಲ್ಲಿ ಉಳಿದರು.

1986ರ ಜನವರಿ 13ರಂದು ಏಡನ್‌ನಲ್ಲಿ ಪಕ್ಷದ ಪಾಲಿಟ್‌ಬ್ಯೂರೋ ಸಭೆ ಸೇರಿದ್ದಾಗ, ಅಧ್ಯಕ್ಷ ಅಲಿ ನಾಸಿರ್ ಮುಹಮ್ಮದ್ ಅವರ ಅಂಗರಕ್ಷಕರು ಎದುರಾಳಿ ಬಣದ ಸದಸ್ಯರ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳ ಕದನದಲ್ಲಿ ಸಾವಿರಾರು ಜನ ಸತ್ತರು. ಸೈದ್ಧಾಂತಿಕ ಭಿನ್ನಾಭಿಪ್ರಾಯವೆಂದು ಆರಂಭವಾದದ್ದು ಬಹುಬೇಗ ಅಬ್ಯನ್ ಮತ್ತು ಶಬ್ವಾ ಪ್ರಾಂತ್ಯದವರು ಒಂದು ಕಡೆ, ಲಾಹೆಜ್ ಮತ್ತು ದಾಲಿ ಪ್ರದೇಶದವರು ಇನ್ನೊಂದು ಕಡೆ ಎಂಬಂತಾಯಿತು. ಸೋತ ಅಲಿ ನಾಸಿರ್ ಸಾವಿರಾರು ಬೆಂಬಲಿಗರೊಂದಿಗೆ ಉತ್ತರಕ್ಕೆ ಓಡಿಹೋದರು. ಅವರಲ್ಲಿ ಅಬ್ಯನ್‌ನ ಸೇನಾಧಿಕಾರಿ ಅಬ್ದ್‌ರಬ್ಬು ಮನ್ಸೂರ್ ಹಾದಿಯೂ ಒಬ್ಬರು.

ಏಕೀಕರಣ ಮತ್ತು 1994ರ ಯುದ್ಧ

ಸೋವಿಯತ್ ನೆರವು ಬತ್ತಿಹೋಗುತ್ತಿದ್ದ ಹೊತ್ತಿನಲ್ಲಿ, 1990ರ ಮೇ 22ರಂದು ಎರಡೂ ದೇಶಗಳು ಒಂದಾದವು. ಸಾಲೇಹ್ ಅಧ್ಯಕ್ಷರಾದರು, ದಕ್ಷಿಣದ ನಾಯಕ ಅಲಿ ಸಾಲಿಂ ಅಲ್-ಬೀದ್ ಉಪಾಧ್ಯಕ್ಷರಾದರು. ಎರಡು ಸೇನೆಗಳು ಮಾತ್ರ ಪ್ರತ್ಯೇಕವಾಗಿಯೇ ಉಳಿದವು.

ಅದೇ ವರ್ಷ ಇರಾಕ್ ಕುವೈತ್ ಮೇಲೆ ದಾಳಿ ಮಾಡಿತು. ಭದ್ರತಾ ಮಂಡಳಿಯ ಸದಸ್ಯನಾಗಿದ್ದ ಯೆಮೆನ್ ಇರಾಕ್ ವಿರುದ್ಧ ಬಲಪ್ರಯೋಗಕ್ಕೆ ಅನುಮತಿ ನೀಡುವ ನಿರ್ಣಯವನ್ನು ವಿರೋಧಿಸಿತು. ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಯೆಮೆನಿ ಕಾರ್ಮಿಕರು ವಾಸದ ಸವಲತ್ತು ಕಳೆದುಕೊಂಡು ಮರಳಬೇಕಾಯಿತು. ಅವರು ಕಳುಹಿಸುತ್ತಿದ್ದ ಹಣ ನಿಂತುಹೋಗಿ, ಹೊಸ ದೇಶ ಹುಟ್ಟುವಾಗಲೇ ಆರ್ಥಿಕ ಸಂಕಟಕ್ಕೆ ಸಿಲುಕಿತು.

1993ರ ಚುನಾವಣೆಯಲ್ಲಿ ದಕ್ಷಿಣದ ಸಮಾಜವಾದಿ ಪಕ್ಷವು ಸಾಲೇಹ್‌ರ ಪಕ್ಷ ಮತ್ತು ಇಸ್ಲಾಹ್ ಪಕ್ಷಗಳ ಹಿಂದೆ ಮೂರನೆಯ ಸ್ಥಾನಕ್ಕೆ ಇಳಿಯಿತು. ಜನಸಂಖ್ಯೆಯಲ್ಲಿ ಚಿಕ್ಕದಾದ ದಕ್ಷಿಣಕ್ಕೆ ಸಮಪಾಲು ಸಿಗುವ ನಿರೀಕ್ಷೆ ಅಲ್ಲಿಗೆ ಮುಗಿಯಿತು. 1994ರ ಮೇ ತಿಂಗಳಲ್ಲಿ ಯುದ್ಧ ಆರಂಭವಾಯಿತು. ಮೇ 21ರಂದು ಅಲ್-ಬೀದ್ ದಕ್ಷಿಣದ ಪ್ರತ್ಯೇಕತೆಯನ್ನು ಘೋಷಿಸಿದರೂ, ಜುಲೈ 7ರಂದು ಏಡನ್ ಉತ್ತರದ ಪಡೆಗಳ ವಶವಾಯಿತು. ಈ ಯುದ್ಧದಲ್ಲಿ 1986ರಲ್ಲಿ ಓಡಿಬಂದಿದ್ದ ದಕ್ಷಿಣದವರು ಸಾಲೇಹ್ ಪರವಾಗಿ ಹೋರಾಡಿದರು. ಹಾದಿ ರಕ್ಷಣಾ ಸಚಿವರಾಗಿ, ನಂತರ ಉಪಾಧ್ಯಕ್ಷರಾದರು.

ಗೆಲುವಿನ ನಂತರ ದಕ್ಷಿಣದ ಸಾವಿರಾರು ಸೇನಾಧಿಕಾರಿಗಳು ಮತ್ತು ಸರ್ಕಾರಿ ನೌಕರರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಲಾಯಿತು. ಭೂಮಿ ಮತ್ತು ತೈಲದ ಗುತ್ತಿಗೆಗಳು ಸನಾದ ಪ್ರಭಾವಿಗಳ ಕೈಸೇರಿದವು ಎಂಬ ದೂರು ವ್ಯಾಪಕವಾಗಿತ್ತು. 2007ರಲ್ಲಿ ಈ ನಿವೃತ್ತ ಅಧಿಕಾರಿಗಳು ಪಿಂಚಣಿಗಾಗಿ ನಡೆಸಿದ ಪ್ರತಿಭಟನೆಗಳಿಂದಲೇ ಪ್ರತ್ಯೇಕತೆಯನ್ನು ಕೋರುವ ದಕ್ಷಿಣ ಚಳವಳಿ ಹುಟ್ಟಿಕೊಂಡಿತು.

ಹೌತಿ ಚಳವಳಿ ಮತ್ತು ಸಾದಾ ಯುದ್ಧಗಳು

1990ರ ದಶಕದಲ್ಲಿ ಸಾದಾ ಪ್ರಾಂತ್ಯದಲ್ಲಿ ಝೈದಿ ಪರಂಪರೆಯನ್ನು ಪುನಶ್ಚೇತನಗೊಳಿಸುವ ಯುವ ಸಂಘಟನೆಯೊಂದು ಬೆಳೆಯಿತು. ಸೌದಿ ಪ್ರಭಾವದ ಸಲಫಿ ಪ್ರಚಾರಕ್ಕೆ ಪ್ರತಿಕ್ರಿಯೆಯಾಗಿ ಬೆಳೆದ ಇದರಿಂದ, ಮಾಜಿ ಸಂಸದ ಹುಸೇನ್ ಬದ್ರೆದ್ದೀನ್ ಅಲ್-ಹೌತಿ ನೇತೃತ್ವದ ರಾಜಕೀಯ ಚಳವಳಿ ರೂಪುಗೊಂಡಿತು. ಅದರ ಅಧಿಕೃತ ಹೆಸರು ಅನ್ಸಾರ್ ಅಲ್ಲಾಹ್. ಅಮೆರಿಕದೊಂದಿಗಿನ ಸಾಲೇಹ್‌ರ ಮೈತ್ರಿಯನ್ನು ಅದು ಕಟುವಾಗಿ ಟೀಕಿಸಿತು. 2004ರಲ್ಲಿ ಸರ್ಕಾರ ಸೇನಾ ಕಾರ್ಯಾಚರಣೆ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಹುಸೇನ್ ಹತನಾದನು. ಆದರೂ 2010ರವರೆಗೆ ಆರು ಸುತ್ತು ಯುದ್ಧ ನಡೆಯಿತು. 2009ರ ಕೊನೆಯಲ್ಲಿ ಸೌದಿ ಪಡೆಗಳೂ ಇದರಲ್ಲಿ ಭಾಗಿಯಾದವು. ಹಳ್ಳಿಗಳ ಮೇಲಿನ ಬಾಂಬ್ ದಾಳಿಯಿಂದ ಮನೆಮಠ ಕಳೆದುಕೊಂಡವರು ಚಳವಳಿಯತ್ತ ವಾಲಿದರು. ಹುಸೇನ್‌ನ ತಮ್ಮ ಅಬ್ದುಲ್ ಮಲಿಕ್ ಅಲ್-ಹೌತಿ ನಾಯಕತ್ವದಲ್ಲಿ, ಚಿಕ್ಕ ಧಾರ್ಮಿಕ ಗುಂಪು ಅನುಭವಿ ಸೈನ್ಯವಾಗಿ ಮಾರ್ಪಟ್ಟಿತು.

2011ರ ಜನಾಂದೋಲನ ಮತ್ತು ವಿಫಲ ಪರಿವರ್ತನೆ

ಟುನೀಷಿಯಾ ಮತ್ತು ಈಜಿಪ್ಟಿನ ಬೆಳವಣಿಗೆಗಳಿಂದ ಪ್ರೇರಿತರಾದ ವಿದ್ಯಾರ್ಥಿಗಳು, ಮಹಿಳೆಯರು ಮತ್ತು ಯುವಜನರು 2011ರ ಆರಂಭದಲ್ಲಿ ಸನಾ, ತೈಜ್ ಮುಂತಾದ ನಗರಗಳ ಚೌಕಗಳಲ್ಲಿ ನೆರೆದು ಸಾಲೇಹ್ ರಾಜೀನಾಮೆಗೆ ಒತ್ತಾಯಿಸಿದರು. ಪತ್ರಕರ್ತೆ ತವಕ್ಕುಲ್ ಕರ್ಮಾನ್ ಈ ಆಂದೋಲನದ ಮುಖ್ಯ ಧ್ವನಿಯಾದರು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಲೈಬೀರಿಯಾದ ಇಬ್ಬರು ಮಹಿಳೆಯರೊಂದಿಗೆ ಹಂಚಿಕೊಂಡರು. ಮಾರ್ಚ್ 18ರಂದು ಸನಾದಲ್ಲಿ ಬಂದೂಕುಧಾರಿಗಳು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿ ಸುಮಾರು 50 ಮಂದಿಯನ್ನು ಕೊಂದರು. ಇದರ ನಂತರ ಸೇನೆ ಎರಡಾಗಿ ಒಡೆಯಿತು.

ಕೊಲ್ಲಿ ಸಹಕಾರ ಮಂಡಳಿಯ ಮಧ್ಯಸ್ಥಿಕೆಯಲ್ಲಿ ನವೆಂಬರ್ 23ರಂದು ಸಾಲೇಹ್ ಅಧಿಕಾರ ಹಸ್ತಾಂತರಕ್ಕೆ ಸಹಿ ಹಾಕಿದರು. ಪ್ರತಿಯಾಗಿ ಅವರಿಗೆ ವಿಚಾರಣೆಯಿಂದ ವಿನಾಯಿತಿ ದೊರೆಯಿತು. ಅವರು ದೇಶದಲ್ಲಿಯೇ ಉಳಿದು ಪಕ್ಷವನ್ನು ಮುನ್ನಡೆಸಿದರು. ಸೇನೆಯ ಪ್ರಬಲ ತುಕಡಿಗಳು ಅವರಿಗೇ ನಿಷ್ಠವಾಗಿದ್ದವು. 2012ರ ಫೆಬ್ರವರಿಯಲ್ಲಿ ಏಕೈಕ ಅಭ್ಯರ್ಥಿಯಾಗಿ ನಿಂತ ಹಾದಿ ಅಧ್ಯಕ್ಷರಾದರು.

2013ರ ಮಾರ್ಚ್‌ನಿಂದ 2014ರ ಜನವರಿಯವರೆಗೆ 565 ಪ್ರತಿನಿಧಿಗಳ ರಾಷ್ಟ್ರೀಯ ಸಂವಾದ ಸಮಾವೇಶ ನಡೆಯಿತು. ಮಹಿಳೆಯರು, ಯುವಜನರು, ಹೌತಿಗಳು ಮತ್ತು ದಕ್ಷಿಣ ಚಳವಳಿಯ ಕೆಲವರು ಒಂದೇ ಸಭೆಯಲ್ಲಿ ಕುಳಿತದ್ದು ಅಪರೂಪದ ಸಂಗತಿ. ಆದರೆ ದೇಶವನ್ನು ಆರು ಪ್ರದೇಶಗಳ ಒಕ್ಕೂಟವಾಗಿಸುವ ತೀರ್ಮಾನವನ್ನು ಸಮಾವೇಶ ಮುಗಿದ ನಂತರ ಹಾದಿ ನೇಮಿಸಿದ ಸಮಿತಿಯೊಂದು ಕೆಲವೇ ವಾರಗಳಲ್ಲಿ ಕೈಗೊಂಡಿತು. ಸಾದಾ ಸೇರಿದ ಪ್ರದೇಶಕ್ಕೆ ಕಡಲ ತೀರವೂ ಇರಲಿಲ್ಲ, ತೈಲವೂ ಇರಲಿಲ್ಲ. ಹೌತಿಗಳು ಅದನ್ನು ತಿರಸ್ಕರಿಸಿದರು. ದಕ್ಷಿಣವನ್ನು ಎರಡಾಗಿ ವಿಭಜಿಸಿದ್ದನ್ನು ದಕ್ಷಿಣ ಚಳವಳಿಯೂ ಒಪ್ಪಲಿಲ್ಲ.

2014ರ ನಂತರದ ಯುದ್ಧ

2014ರ ಜುಲೈನಲ್ಲಿ ಸರ್ಕಾರ ಇಂಧನ ಸಬ್ಸಿಡಿಯನ್ನು ಕಡಿತಗೊಳಿಸಿತು. ಬೆಲೆಯೇರಿಕೆಯ ವಿರುದ್ಧದ ಸಾರ್ವಜನಿಕ ಆಕ್ರೋಶವನ್ನು ಬಳಸಿಕೊಂಡ ಹೌತಿಗಳು ಸೆಪ್ಟೆಂಬರ್ 21ರಂದು ಸನಾ ನಗರವನ್ನು ವಶಪಡಿಸಿಕೊಂಡರು. ಅವರ ವಿರುದ್ಧ ಆರು ಯುದ್ಧ ನಡೆಸಿದ್ದ ಸಾಲೇಹ್ ಈ ಬಾರಿ ಅವರೊಂದಿಗೆ ಕೈಜೋಡಿಸಿದ್ದರು. ಗೃಹಬಂಧನದಿಂದ ತಪ್ಪಿಸಿಕೊಂಡ ಹಾದಿ ಏಡನ್‌ಗೆ, ಅಲ್ಲಿಂದ ಸೌದಿ ಅರೇಬಿಯಾಕ್ಕೆ ಹೋದರು. 2015ರ ಮಾರ್ಚ್ 26ರಂದು ಸೌದಿ ನೇತೃತ್ವದ ಒಕ್ಕೂಟ ವೈಮಾನಿಕ ದಾಳಿ ಆರಂಭಿಸಿತು. ಜುಲೈನಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಪಡೆಗಳ ನೆರವಿನಿಂದ ಹೌತಿಗಳನ್ನು ಏಡನ್‌ನಿಂದ ಹೊರಗಟ್ಟಲಾಯಿತು. ಉತ್ತರದ ಎತ್ತರದ ಪ್ರದೇಶ ಹೌತಿಗಳ ಕೈಯಲ್ಲೇ ಉಳಿಯಿತು.

2016ರ ಅಕ್ಟೋಬರ್‌ನಲ್ಲಿ ಸನಾದ ಶೋಕಸಭೆಯೊಂದರ ಮೇಲೆ ಒಕ್ಕೂಟ ನಡೆಸಿದ ದಾಳಿಯಲ್ಲಿ ಸುಮಾರು 140 ಜನ, 2018ರ ಆಗಸ್ಟ್‌ನಲ್ಲಿ ಸಾದಾದ ದಹ್ಯಾನ್‌ನಲ್ಲಿ ಬಸ್ಸಿನ ಮೇಲಿನ ದಾಳಿಯಲ್ಲಿ 40 ಮಕ್ಕಳು ಸತ್ತರು. ಹೌತಿಗಳು ತೈಜ್ ನಗರವನ್ನು ವರ್ಷಗಟ್ಟಲೆ ಮುತ್ತಿಗೆಯಲ್ಲಿಟ್ಟು ಶೆಲ್ ದಾಳಿ ನಡೆಸಿದರು, ನೆಲಬಾಂಬ್‌ಗಳನ್ನು ಹುಗಿದರು ಮತ್ತು ಸೌದಿ ನಗರಗಳ ಮೇಲೆ ಕ್ಷಿಪಣಿಗಳನ್ನು ಹಾರಿಸಿದರು. ಇರಾನ್‌ನಿಂದ ಅವರಿಗೆ ಆಯುಧ ಮತ್ತು ತರಬೇತಿ ದೊರೆತಿರುವುದನ್ನು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಸಾಲೇಹ್ ಮೈತ್ರಿ ಮುರಿದರು. ಎರಡೇ ದಿನಗಳಲ್ಲಿ, ಡಿಸೆಂಬರ್ 4ರಂದು, ಹೌತಿಗಳು ಅವರನ್ನು ಕೊಂದರು.

ಹೌತಿ ವಿರೋಧಿ ಪಾಳೆಯವೂ ಒಗ್ಗಟ್ಟಾಗಿರಲಿಲ್ಲ. 2017ರಲ್ಲಿ ಐದರೂಸ್ ಅಲ್-ಝುಬೈದಿ ನೇತೃತ್ವದಲ್ಲಿ ಸ್ಥಾಪನೆಯಾದ ದಕ್ಷಿಣ ಪರಿವರ್ತನಾ ಮಂಡಳಿಯು ಸಂಯುಕ್ತ ಅರಬ್ ಸಂಸ್ಥಾನದ ಬೆಂಬಲದಿಂದ 2019ರ ಆಗಸ್ಟ್‌ನಲ್ಲಿ ಹಾದಿ ಸರ್ಕಾರದ ಪಡೆಗಳನ್ನೇ ಏಡನ್‌ನಿಂದ ಹೊರದಬ್ಬಿತು. ಝುಬೈದಿ ದಾಲಿಯವರು, ಹಾದಿ ಅಬ್ಯನ್‌ನವರು. 1986ರ ಬಿರುಕು ಮೂವತ್ತಮೂರು ವರ್ಷಗಳ ನಂತರವೂ ಮುಚ್ಚಿರಲಿಲ್ಲ.

ಮಾನವೀಯ ಪರಿಣಾಮಗಳು

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜಿನಂತೆ 2021ರ ಅಂತ್ಯದ ವೇಳೆಗೆ ಈ ಯುದ್ಧದಿಂದ ಸತ್ತವರ ಸಂಖ್ಯೆ 3,77,000. ಇವರಲ್ಲಿ ಸುಮಾರು ಶೇ. 60ರಷ್ಟು ಜನ ಗುಂಡು ಅಥವಾ ಬಾಂಬಿನಿಂದಲ್ಲ, ಹಸಿವು, ರೋಗ ಮತ್ತು ಚಿಕಿತ್ಸೆಯ ಕೊರತೆಯಿಂದ ಸತ್ತವರು. ಅವರಲ್ಲಿ ಚಿಕ್ಕ ಮಕ್ಕಳೇ ಹೆಚ್ಚು. ಸುಮಾರು 45 ಲಕ್ಷ ಜನ ದೇಶದೊಳಗೆ ಸ್ಥಳಾಂತರಗೊಂಡಿದ್ದಾರೆ. 2017ರ ಅಂತ್ಯಕ್ಕೆ ಶಂಕಿತ ಕಾಲರಾ ಪ್ರಕರಣಗಳು 10 ಲಕ್ಷ ತಲುಪಿದ್ದವು.

ಮಾರುಕಟ್ಟೆಯಲ್ಲಿ ಆಹಾರವಿದ್ದರೂ ಕೊಳ್ಳಲು ಹಣವಿಲ್ಲದಿರುವುದು ಈ ಕ್ಷಾಮದ ಒಂದು ಮುಖ್ಯ ಲಕ್ಷಣ. ಯೆಮೆನ್ ತನಗೆ ಬೇಕಾದ ಗೋಧಿಯ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಅದು ಹೆಚ್ಚಾಗಿ ಬರುವುದು ಹೊದೈದಾ ಬಂದರಿನ ಮೂಲಕ. ಒಕ್ಕೂಟದ ನಿರ್ಬಂಧಗಳಿಂದ ಸಾಗಣೆ ವೆಚ್ಚ ಏರಿತು. 2016ರ ಸೆಪ್ಟೆಂಬರ್‌ನಲ್ಲಿ ಹಾದಿ ಸರ್ಕಾರ ಕೇಂದ್ರ ಬ್ಯಾಂಕನ್ನು ಏಡನ್‌ಗೆ ಸ್ಥಳಾಂತರಿಸಿದ ಮೇಲೆ ಹೌತಿ ಆಡಳಿತದ ಪ್ರದೇಶದ ಶಿಕ್ಷಕರು, ವೈದ್ಯರು ಮತ್ತಿತರ ಸರ್ಕಾರಿ ನೌಕರರಿಗೆ ನಿಯಮಿತ ಸಂಬಳ ನಿಂತಿತು. ಏಡನ್‌ನ ಕೇಂದ್ರ ಬ್ಯಾಂಕ್ ಹೊರತಂದ ಹೊಸ ನೋಟುಗಳನ್ನು ಹೌತಿಗಳು 2019ರ ಕೊನೆಯಲ್ಲಿ ನಿಷೇಧಿಸಿದರು. ಒಂದೇ ರಿಯಾಲ್‌ಗೆ ಎರಡು ಪ್ರದೇಶಗಳಲ್ಲಿ ಎರಡು ಬೆಲೆ ಬಂದಿತು. ನೆರವಿನ ಸಾಮಗ್ರಿಯನ್ನು ಹೌತಿಗಳು ಬೇರೆಡೆಗೆ ತಿರುಗಿಸುತ್ತಿದ್ದಾರೆಂಬ ಆರೋಪಗಳಿವೆ. ಅವರು ವಿಶ್ವಸಂಸ್ಥೆಯ ಸಿಬ್ಬಂದಿಯನ್ನೂ ಬಂಧಿಸಿದ್ದಾರೆ.

ಶಾಂತಿ ಪ್ರಯತ್ನಗಳು ಮತ್ತು ಕೆಂಪು ಸಮುದ್ರದ ಬಿಕ್ಕಟ್ಟು

2018ರ ಡಿಸೆಂಬರ್‌ನ ಸ್ಟಾಕ್‌ಹೋಮ್ ಒಪ್ಪಂದ ಹೊದೈದಾ ಬಂದರಿನ ಮೇಲಿನ ದೊಡ್ಡ ದಾಳಿಯನ್ನು ತಪ್ಪಿಸಿತು. 2022ರ ಏಪ್ರಿಲ್ 2ರಂದು ಜಾರಿಗೆ ಬಂದ ಕದನವಿರಾಮ ಅಕ್ಟೋಬರ್‌ನಲ್ಲಿ ಅಧಿಕೃತವಾಗಿ ಮುಗಿದರೂ ದೊಡ್ಡ ಪ್ರಮಾಣದ ಕದನ ಮತ್ತೆ ಆರಂಭವಾಗಲಿಲ್ಲ. ಅದೇ ಏಪ್ರಿಲ್‌ನಲ್ಲಿ ಹಾದಿ ತಮ್ಮ ಅಧಿಕಾರವನ್ನು ರಶಾದ್ ಅಲ್-ಅಲೀಮಿ ನೇತೃತ್ವದ ಎಂಟು ಸದಸ್ಯರ ಅಧ್ಯಕ್ಷೀಯ ನಾಯಕತ್ವ ಮಂಡಳಿಗೆ ವಹಿಸಿದರು. 2023ರ ಮಾರ್ಚ್‌ನಲ್ಲಿ ಚೀನಾದ ಮಧ್ಯಸ್ಥಿಕೆಯಲ್ಲಿ ಸೌದಿ ಅರೇಬಿಯಾ ಮತ್ತು ಇರಾನ್ ರಾಜತಾಂತ್ರಿಕ ಸಂಬಂಧವನ್ನು ಪುನಃಸ್ಥಾಪಿಸಿಕೊಂಡವು. ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ದೂತ ಹಾನ್ಸ್ ಗ್ರುಂಡ್‌ಬರ್ಗ್ ಶಾಂತಿಯ ಮಾರ್ಗಸೂಚಿಯೊಂದಕ್ಕೆ ಬದ್ಧರಾಗಲು ಎರಡೂ ಕಡೆಯವರು ಒಪ್ಪಿದ್ದಾರೆಂದು ಪ್ರಕಟಿಸಿದರು.

ಅಷ್ಟರಲ್ಲಿ ಗಾಜಾ ಯುದ್ಧ ಆರಂಭವಾಗಿತ್ತು. ಪ್ಯಾಲೆಸ್ಟೀನಿಯರಿಗೆ ಬೆಂಬಲವೆಂದು ಹೇಳಿ ಹೌತಿಗಳು ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿಗಿಳಿದರು. 2023ರ ನವೆಂಬರ್ 19ರಂದು ಅವರು ವಶಪಡಿಸಿಕೊಂಡ ‘ಗ್ಯಾಲಕ್ಸಿ ಲೀಡರ್’ ಹಡಗು ಟರ್ಕಿಯಿಂದ ಗುಜರಾತಿನ ಪಿಪಾವಾವ್ ಬಂದರಿಗೆ ಹೊರಟಿತ್ತು. 2024ರ ಜನವರಿಯಿಂದ ಅಮೆರಿಕ ಮತ್ತು ಬ್ರಿಟನ್, ಜುಲೈನಿಂದ ಇಸ್ರೇಲ್ ಹೌತಿ ನೆಲೆಗಳ ಮೇಲೆ ವೈಮಾನಿಕ ದಾಳಿ ನಡೆಸಿದವು. 2025ರ ಮೇ ತಿಂಗಳಲ್ಲಿ ಒಮಾನ್ ಮಧ್ಯಸ್ಥಿಕೆಯಿಂದ ಅಮೆರಿಕ ಮತ್ತು ಹೌತಿಗಳ ನಡುವೆ ಕದನವಿರಾಮವಾಯಿತು. ಆಗಸ್ಟ್‌ನಲ್ಲಿ ಇಸ್ರೇಲ್ ಸನಾ ಮೇಲೆ ನಡೆಸಿದ ದಾಳಿಯಲ್ಲಿ ಹೌತಿ ಸರ್ಕಾರದ ಪ್ರಧಾನಿ ಅಹ್ಮದ್ ಅಲ್-ರಹಾವಿ ಹತರಾದರು. ಈ ಬೆಳವಣಿಗೆಗಳಿಂದ ಯೆಮೆನ್‌ನ ಒಳಗಿನ ಶಾಂತಿ ಮಾತುಕತೆ ಹಿನ್ನೆಲೆಗೆ ಸರಿಯಿತು.

ಭಾರತದೊಂದಿಗಿನ ಸಂಬಂಧ

ಏಡನ್ ಬ್ರಿಟಿಷ್ ಭಾರತದ ಭಾಗವಾಗಿದ್ದ ಕಾಲದಲ್ಲಿ ಅಲ್ಲಿ ಭಾರತೀಯ ವರ್ತಕರು ಮತ್ತು ಗುಮಾಸ್ತರು ನೆಲೆಸಿದ್ದರು. ಹದ್ರಮೌತ್‌ನಿಂದ ಬಂದು ಹೈದರಾಬಾದ್ ನಿಜಾಮರ ಸೇನೆ ಸೇರಿದವರ ವಂಶಸ್ಥರು ಇಂದಿಗೂ ದಖ್ಖನ್ ಪ್ರದೇಶದಲ್ಲಿದ್ದಾರೆ. ಬಾಬಾ ಬುಡನ್ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಕ್ಕೆ ಕಾಫಿ ಬೀಜಗಳನ್ನು ತಂದದ್ದು ಯೆಮೆನ್‌ನ ಮೋಖಾ ಬಂದರಿನಿಂದ ಎಂಬ ಐತಿಹ್ಯ ಕರ್ನಾಟಕದಲ್ಲಿ ಪ್ರಚಲಿತವಾಗಿದೆ. 2015ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ನಡೆಸಿದ ‘ಆಪರೇಷನ್ ರಾಹತ್’ ಕಾರ್ಯಾಚರಣೆಯಲ್ಲಿ 4,640 ಭಾರತೀಯರನ್ನು ಮತ್ತು 41 ದೇಶಗಳ 960 ಮಂದಿಯನ್ನು ಹಡಗು ಹಾಗೂ ವಿಮಾನಗಳ ಮೂಲಕ ಯೆಮೆನ್‌ನಿಂದ ತೆರವುಗೊಳಿಸಲಾಯಿತು.

ವಿಶ್ಲೇಷಣೆ

ಯೆಮೆನ್‌ನ ಆರು ದಶಕಗಳ ಇತಿಹಾಸದಲ್ಲಿ ಮಿತ್ರರು ಶತ್ರುಗಳಾಗಿರುವುದು, ಶತ್ರುಗಳು ಮಿತ್ರರಾಗಿರುವುದು ಪದೇ ಪದೇ ಕಂಡುಬರುತ್ತದೆ. 1960ರ ದಶಕದಲ್ಲಿ ಝೈದಿ ಇಮಾಮರನ್ನು ಬೆಂಬಲಿಸಿದ ಸೌದಿ ಅರೇಬಿಯಾವೇ 2015ರಲ್ಲಿ ಝೈದಿ ಚಳವಳಿಯೊಂದರ ಮೇಲೆ ಬಾಂಬ್ ಹಾಕಿತು. ಹೌತಿಗಳನ್ನು ದಮನಿಸಲು ಯತ್ನಿಸಿದ ಸಾಲೇಹ್ ಅವರನ್ನು ರಾಜಧಾನಿಗೆ ಕರೆತಂದು, ಕೊನೆಗೆ ಅವರಿಂದಲೇ ಹತರಾದರು. ಈ ಬದಲಾವಣೆಗಳ ನಡುವೆ ಹೆಚ್ಚು ಬದಲಾಗದೆ ಉಳಿದಿರುವುದು ಪ್ರಾದೇಶಿಕ ದೂರುಗಳು: ಸಾದಾದ ನಿರ್ಲಕ್ಷ್ಯ, ದಕ್ಷಿಣದ ಅಧಿಕಾರ ನಷ್ಟ ಹಾಗೂ ತೈಲ, ಬಂದರು ಮತ್ತು ಸುಂಕದ ಆದಾಯದ ಹಂಚಿಕೆ.

1970, 1990, 1994 ಮತ್ತು 2011ರ ಇತ್ಯರ್ಥಗಳು ಯಾರು ಆಳಬೇಕೆಂಬುದನ್ನು ನಿರ್ಧರಿಸಿದವು. ಹೇಗೆ ಆಳಬೇಕು, ಸಂಪನ್ಮೂಲವನ್ನು ಹೇಗೆ ಹಂಚಬೇಕು, ಹಿಂದಿನ ಹತ್ಯೆಗಳಿಗೆ ಯಾರು ಉತ್ತರ ಹೇಳಬೇಕು ಎಂಬ ಪ್ರಶ್ನೆಗಳನ್ನು ಮುಂದೂಡಿದವು. ರಾಷ್ಟ್ರೀಯ ಸಂವಾದ ಸಮಾವೇಶ ಈ ಪ್ರಶ್ನೆಗಳನ್ನು ಚರ್ಚೆಗೆ ತಂದರೂ ಅತಿ ಮುಖ್ಯ ತೀರ್ಮಾನ ಸಭೆಯ ಹೊರಗೆ ಆಯಿತು. ಸನಾ ಮತ್ತು ರಿಯಾದ್ ನಡುವಿನ ಮಾತುಕತೆಗಳ ಬಗ್ಗೆಯೂ ಇದೇ ಟೀಕೆಯಿದೆ. ಹೌತಿಗಳು ಮತ್ತು ಸೌದಿ ಅರೇಬಿಯಾ ನಡುವಿನ ಒಪ್ಪಂದ ಗಡಿಯಾಚೆಗಿನ ದಾಳಿಗಳನ್ನು ನಿಲ್ಲಿಸಬಹುದು. ಆದರೆ ತೈಜ್, ಮಾರಿಬ್, ಏಡನ್ ಮತ್ತು ಹದ್ರಮೌತ್‌ನ ಜನರಿಗೆ ಅದರಲ್ಲಿ ಪಾಲಿಲ್ಲದಿದ್ದರೆ ದೇಶದೊಳಗಿನ ಯುದ್ಧ ನಿಲ್ಲುವ ಖಾತರಿಯಿಲ್ಲ.